ಎರಡು ಸಲ ಸತ್ತ ಕುರಿ

ನಮ್ಮಪ್ಪ ಉಪ್ಪು ಹಚ್ಚಿದ ಕುರಿಯ ಕಿವಿಯೊಂದನ್ನು ತಂದು ಇಟ್ಟದ್ದು ಮೇಡಂ ಅವರ ಮದುವೆ ಸೀರೆಯ ಮೇಲೆ. ಮೊಳಕಾಲ್ಮುರಿನ ರೇಷ್ಮೆ, ಗಿಣಿಹಸಿರು ಮೈ, ಕುಂಕುಮದ ಅಂಚು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವರು ಆ ಸೀರೆಯನ್ನು ಕತ್ತರಿಸಿ ತಮ್ಮ ಕಂಪ್ಯೂಟರ್ ಸೆಂಟರಿನ ಮಾನಿಟರುಗಳಿಗೆಲ್ಲ ಗವಸು ಹೊಲಿಸಿದ್ದರು. ಬೆಳಿಗ್ಗೆ ಆ ಗವಸುಗಳನ್ನು ತೆಗೆದು ಮಡಿಸಿ ಮೇಜಿನ ಮೂಲೆಗೆ ಇಡುವುದು ಅಲ್ಲಿ ಕಲಿಯುತ್ತಿದ್ದ ನನ್ನಂಥ ಹುಡುಗಿಯರ ಕೆಲಸ. ಆ ಮಡಿಕೆಯ ಮೇಲೆ ಅಪ್ಪ ಹಳೇ ಪಂಚೆಯ ಚೂರನ್ನು ಬಿಚ್ಚಿದ. ಕಿವಿ ಒಣಗಿ ಸುಕ್ಕುಗಟ್ಟಿತ್ತು, ನಡುವಿನ ಹಳದಿ ಪ್ಲಾಸ್ಟಿಕ್ ಬಿಲ್ಲೆ ಮಾತ್ರ ಹೊಸದರಂತೆ ಇತ್ತು. ಮೇಡಂ ಕೊರಳಲ್ಲಿ ಲಿಂಗ ಕಟ್ಟಿದವರು, ಮೊಟ್ಟೆ ಅಂಗಡಿಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟುವವರು. ಇನ್ನೇನು ಬೈದು ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಕನ್ನಡಕ ಏರಿಸಿಕೊಂಡು, ಕಿವಿಯನ್ನು ಬರಿಗೈಯಲ್ಲಿ ಎತ್ತಿ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದರು.

"ಸೊನ್ನೆ, ನಾಲ್ಕು, ಒಂದು, ಏಳು," ಎಂದು ಬಿಲ್ಲೆಯನ್ನು ಓದಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಇದನ್ನ ನೋಡಿ ಏನಂದ ಆ ಮನುಷ್ಯ?" ಎಂದು ಕೇಳಿದರು.

"ಕಳ್ಳ ಅಂದ್ರು ಅಮ್ಮಾರೆ," ಎಂದ ಅಪ್ಪ.

ಆ ಮನುಷ್ಯ ಎಂದರೆ ಚಳ್ಳಕೆರೆಯಲ್ಲಿದ್ದ ಕುರಿ ಸಾಕುವವರ ಸಂಘವೊಂದರ ಕಾರ್ಯದರ್ಶಿ. ಮೇಡಂ ಅವರ ಹೆಸರನ್ನು ನಾನಿಲ್ಲಿ ಬರೆಯದಿರುವುದು ಗೌರವಕ್ಕೆ. ಅವನ ಹೆಸರನ್ನು ಬರೆಯದಿರುವುದು ಹಟಕ್ಕೆ. ಅಚ್ಚಿನಲ್ಲಿ ತನ್ನ ಹೆಸರು ನೋಡಿಕೊಂಡು ಮೀಸೆ ತಿರುವುವ ಭಾಗ್ಯವನ್ನು ನಾನು ಅವನಿಗೆ ಕೊಡಲಾರೆ. ಕ್ಷಮಿಸುವುದು ದೊಡ್ಡ ಗುಣ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ನನಗೆ ಅಷ್ಟು ದೊಡ್ಡತನ ಬಂದಿಲ್ಲ, ಬರುವುದೂ ಬೇಡ.

ಸಂಘದವರು ಕುರಿಗಳಿಗೆ ವಿಮೆ ಮಾಡಿಸಿ, ಒಂದೊಂದರ ಕಿವಿಗೂ ನಂಬರಿನ ಬಿಲ್ಲೆ ಹಾಕುತ್ತಿದ್ದರು. ಕುರಿ ಸತ್ತರೆ ಬಿಲ್ಲೆಯ ಸಮೇತ ಕಿವಿಯನ್ನು ಕೊಯ್ದು ತಂದು ತೋರಿಸಬೇಕು. ಬಿಲ್ಲೆ ಇಲ್ಲದಿದ್ದರೆ ವಿಮೆಯೂ ಇಲ್ಲ. ಅದಕ್ಕೇ ನನ್ನಿವಾಳದ ನಮ್ಮ ಮನೆಯ ಗೂಡಿನಲ್ಲಿ ಕಿವಿಗೆ ಹಚ್ಚುವ ಉಪ್ಪು ಸದಾ ಇರುತ್ತಿತ್ತು. ಅಪ್ಪ ಕಿವಿ ತೆಗೆದುಕೊಂಡು ಸಂಘಕ್ಕೆ ಹೋದ ದಿನ ಸಂತೆ. ಕಚೇರಿಯ ತುಂಬ ಜನ. ಕಾರ್ಯದರ್ಶಿ ಕಂಪ್ಯೂಟರ್ ಪರದೆಯನ್ನು ನೋಡಿ, "ಈ ಕುರಿ ಆಗ್ಲೇ ಸತ್ತು ವಿಮೆ ತಗಂಡೈತಲ್ಲೋ. ನಿನ್ ಕುರಿ ಎರಡು ಸಲ ಸಾಯುತ್ತೇನಯ್ಯಾ?" ಎಂದನಂತೆ. ಜನ ನಕ್ಕರು. ನಗು ಕೇಳಿ ಅವನಿಗೆ ಹುರುಪು ಬಂತು. ಪೆನ್ನಿನ ತುದಿಯಿಂದ ಕಿವಿಯನ್ನು ಮೇಜಿನಿಂದ ಕೆಳಕ್ಕೆ ತಳ್ಳಿ, "ಕಳ್ಳ ನನ್ಮಗನೇ, ಇನ್ಮೇಲೆ ನಿನ್ ಕುರಿಗೆ ಬಿಲ್ಲೆ ಇಲ್ಲ, ನಡಿ," ಎಂದ. ಅಪ್ಪ ಬಗ್ಗಿ ಕಿವಿ ಎತ್ತಿಕೊಂಡು, ಪಂಚೆ ಚೂರಿನಲ್ಲಿ ಸುತ್ತಿಕೊಂಡು ಬಂದ.

ಪೇಟೆಯವರಿಗೆ ಇದು ಬರೀ ಬೈಗುಳದಂತೆ ಕೇಳಬಹುದು. ನಮ್ಮಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ದೂರ ಹೋಗುವಾಗ ಹಲವು ಮನೆಯವರು ತಮ್ಮ ಕುರಿಗಳನ್ನು ಕೂಡಿಸಿ ಒಂದೇ ಮಂದೆ ಮಾಡುತ್ತಾರೆ. ಯಾರ ಕುರಿ ಯಾರ ಕಣ್ಣಳತೆಯಲ್ಲಿ ಇರುತ್ತದೋ ಹೇಳಲಾಗದು. ಕಳ್ಳ ಅನ್ನಿಸಿಕೊಂಡವನ ಜೊತೆ ಯಾರೂ ಮಂದೆ ಕೂಡಿಸುವುದಿಲ್ಲ. ಆ ವರ್ಷ ನಮ್ಮ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ, "ಈ ಸಲ ನೀನು ಬ್ಯಾರೆ ನೋಡ್ಕ," ಅಂದ. ಅಪ್ಪ ಒಬ್ಬನೇ ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಮೇಯಿಸಿಕೊಂಡು ಓಡಾಡಿದ. ನಮ್ಮವ್ವ ಅನ್ನ ಬಡಿಸುವಾಗಲೂ ಅವನ ಮುಖ ನೋಡುತ್ತಿರಲಿಲ್ಲ, ನೋಡಿದರೆ ಅಳು ಬರುತ್ತದೆಂದು. ಆ ಮಾತನ್ನು ಅಂದ ಬಾಯಲ್ಲೇ ಅದನ್ನು ಇಲ್ಲ ಅನ್ನಿಸಬೇಕು ಎಂದು ನಾನು ಅಂದೇ ಗಟ್ಟಿಮಾಡಿಕೊಂಡೆ.

ಅಪ್ಪನನ್ನು ಮೇಡಂ ಹತ್ತಿರ ಕರೆತಂದವಳು ನಾನೇ. ಸಂಘದ ಕಂಪ್ಯೂಟರಿನಲ್ಲಿ ಕುರಿಗಳ ಲೆಕ್ಕ ಇಡುವ ಡೇಟಾಬೇಸನ್ನು ಮೊದಲು ಕಟ್ಟಿಕೊಟ್ಟವರು ಅವರು. ಆಮೇಲೆ ಕಾರ್ಯದರ್ಶಿ ಆ ಕೆಲಸವನ್ನು ಅವರಿಂದ ಕಿತ್ತು ತನ್ನ ಭಾಮೈದನಿಗೆ ಕೊಟ್ಟಿದ್ದ. ಅಲ್ಲಿಂದಾಚೆಗೆ ಮೇಡಂ ಬಾಯಲ್ಲಿ ಅವನಿಗೆ 'ಆ ಮನುಷ್ಯ' ಎಂದಷ್ಟೇ ಹೆಸರು.

ಮೇಡಂ ಚಳ್ಳಕೆರೆಯ ಎಣ್ಣೆಮಿಲ್ಲಿನ ಮನೆತನದವರು. ಗಂಡಸರ ವಾಚು ಕಟ್ಟುತ್ತಿದ್ದರು, ಹಣೆಗೆ ಮೂರು ಬೆರಳು ವಿಭೂತಿ, ಮಾತು ಮಿಲ್ಲಿನ ಸದ್ದಿನ ನಡುವೆ ಬೆಳೆದವರ ಹಾಗೆ ಜೋರು. ಅವರಿಗೆ ಮರೆವು ಎಂಬುದೇ ಇರಲಿಲ್ಲ. ಹಾಲಿಗೆ ನೀರು ಬೆರೆಸಿದವನೊಬ್ಬನ ಮೇಲಿನ ಸಿಟ್ಟಿಗೆ ವರ್ಷಗಟ್ಟಲೆ ಹಾಲಿಲ್ಲದ ಕಾಫಿ ಕುಡಿದರು. ಅವನು ಬಾಗಿಲ ಮುಂದೆ ಸೈಕಲ್ ಬೆಲ್ ಮಾಡಿದಾಗಲೆಲ್ಲ ಲೋಟ ಹಿಡಿದುಕೊಂಡು ಹೊರಗೆ ಬಂದು, ಅವನಿಗೆ ಕಾಣುವ ಹಾಗೆ ಕುಡಿಯುತ್ತಿದ್ದರು. ಕೈತೋರಿಸಿದರೂ ಬಸ್ಸು ನಿಲ್ಲಿಸದ ಕಂಡಕ್ಟರನೊಬ್ಬ ಮುಂದೆ ತನ್ನ ಮಗಳನ್ನು ಸೆಂಟರಿಗೆ ಸೇರಿಸಲು ಬಂದಾಗ, "ಸೀಟು ಐತೆ. ಆದ್ರೆ ನಿಲ್ಲಿಸಾಕಾಗಲ್ಲ, ಓಡ್ತಾ ಹತ್ತಕ್ಕೆ ಹೇಳ್ರಿ," ಅಂದಿದ್ದರು. ಆಮೇಲೆ ಆ ಹುಡುಗಿಗೆ ಎಲ್ಲರಿಗಿಂತ ಚೆನ್ನಾಗಿ ಕಲಿಸಿದರು. "ನಾವು ಮರೆತ್ರೆ ಅವ್ರು ಗೆದ್ದಂಗೆ ಕಣೇ," ಎಂಬುದು ಅವರ ಮಾತು. ಊರಿನವರು ಅವರನ್ನು ನಾಗರಹಾವು ಎನ್ನುತ್ತಿದ್ದರು. ನನಗೆ ಅವರೆಂದರೆ ಪ್ರಾಣ.

ಕಿವಿ ನೋಡಿದ ದಿನ ಅವರ ಕಣ್ಣಿನಲ್ಲಿ ಹಬ್ಬದ ಕಳೆಯಿತ್ತು. ಭಾಮೈದ ಏನೋ ಕೆಡಿಸಿದ್ದಾನೆ, ಸಿಕ್ಕಿಬಿದ್ದ ಎಂದೇ ಅವರ ಎಣಿಕೆ. ತಮ್ಮ ಕೆಲಸ ಹೋಗುವ ಮುಂಚೆ ತೆಗೆದಿಟ್ಟುಕೊಂಡಿದ್ದ ಹಳೆಯ ಪ್ರತಿಯೊಂದು ಸೆಂಟರಿನ ಕಂಪ್ಯೂಟರಿನಲ್ಲಿತ್ತು. ನನ್ನನ್ನು ಕೀಬೋರ್ಡಿನ ಮುಂದೆ ಕೂರಿಸಿ ಹೇಳಿಕೊಟ್ಟರು.

"ಟೇಬಲ್ ಅಂದ್ರೆ ನಿಮ್ಮಪ್ಪನ ಕುರಿ ರೊಪ್ಪ ಅನ್ಕೋ. ಎಲ್ಲಾ ಕುರಿ ಅದ್ರೊಳಗೇ ಇರೋದು. ವ್ಯೂ ಅಂದ್ರೆ ರೊಪ್ಪದ ಬೇಲೀಲಿ ಬಿಟ್ಟಿರೋ ಕಿಂಡಿ. ಆ ಮನುಷ್ಯ ಬರೀ ಕಿಂಡೀಲಿ ನೋಡ್ತಾನೆ. ಕಿಂಡೀಲಿ ಕಾಣ್ಲಿಲ್ಲ ಅಂದ್ರೆ ಕುರಿ ಇಲ್ಲ ಅಂತೇನೇ? ಒಳಗೆ ಹೋಗಿ ನೋಡ್ಬೇಕು."

ಒಳಗೆ ಹೋಗಿ ನೋಡಿದೆವು. ಕುರಿಗಳ ಟೇಬಲ್‌ನಲ್ಲಿ 0417 ಇತ್ತು, ಪಕ್ಕದಲ್ಲಿ ಅಪ್ಪನ ಹೆಸರು, ನನ್ನಿವಾಳ. ವಿಮೆ ಇನ್ನೂ ಪಡೆಯದ ಕುರಿಗಳನ್ನು ತೋರಿಸುವ ವ್ಯೂ ತೆರೆದರೆ ಅಲ್ಲಿ ಆ ನಂಬರು ಇಲ್ಲ. ಇದು ಭಾಮೈದ ಮುಟ್ಟದೇ ಇದ್ದ ಹಳೆಯ ಪ್ರತಿ, ಅಂದರೆ ಕೆಡಿಸಿದವನು ಅವನಲ್ಲ. ಮೇಡಂ ಮುಖ ಸಣ್ಣದಾಯಿತು. ಕೊನೆಗೆ ವಿಮೆ ಕೊಟ್ಟ ಕುರಿಗಳ ಟೇಬಲ್ ತೆರೆಸಿದರು. ಅದರಲ್ಲಿ 417 ಎಂದಿತ್ತು, ಮೊಳಕಾಲ್ಮುರಿನ ಕಡೆಯ ಒಬ್ಬ ಕುರಿಗಾರನ ಹೆಸರಿಗೆ.

"ಇಲ್ಲಿ ಮುಂದಿನ ಸೊನ್ನೆ ಇಲ್ವಲ್ಲ ಮೇಡಂ?" ಎಂದೆ.

"ಈ ಟೇಬಲ್‌ನಾಗೆ ಅದು ನಂಬರ್ ಕಾಲಂ. ನಂಬರಿಗೆ ಮುಂದಿನ ಸೊನ್ನೆ ನಿಲ್ಲಲ್ಲ, ಬಿದ್ದು ಹೋಗುತ್ತೆ. ಎರಡೂ ಒಂದೇ," ಎಂದು ಕೈಯಾಡಿಸಿದರು. "ಹಂಗಾರೆ ಕಳ್ಳ ಇವನು! ನಿಮ್ಮಪ್ಪನ ನಂಬರಿಗೆ ಸುಳ್ಳು ಕಿವಿ ತೋರ್ಸಿ ವಿಮೆ ತಿಂದವ್ನೆ. ನಡಿ, ಇವನನ್ನ ಹಿಡ್ಕೊಂಡು ಬಂದು ಆ ಮನುಷ್ಯನ ಮುಂದೆ ನಿಲ್ಸೋಣ."

ಮೊಳಕಾಲ್ಮುರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಟ್ರ್ಯಾಕ್ಟರ್ ಹತ್ತಿ ಅವನ ಹಳ್ಳಿ ಸೇರಿದೆವು. ತೆಲುಗು ಕನ್ನಡ ಬೆರೆಸಿ ಮಾತಾಡುವ, ಹಲ್ಲಿಲ್ಲದ ಮುದುಕ. ಮೇಡಂ ಕೂರಲೂ ಇಲ್ಲ. ನಿಂತಲ್ಲೇ, "ಏನಯ್ಯಾ ಕಳ್ಳ, ಯಾರ ಕುರಿ ಕಿವಿ ತೋರ್ಸಿ ವಿಮೆ ತಗಂಡೆ?" ಎಂದು ಅವನ ಸೊಸೆಯಂದಿರ ಮುಂದೆಯೇ ಗದರಿದರು.

ಮುದುಕ ಬೆದರಿ ಕೈಮುಗಿದ. "ಲೇದಮ್ಮಾ, ನಾ ಗೊರ್ರೆ ಚಚ್ಚಿಂದಿ ನಿಜಮೇ. ನನ್ ಕುರಿ ಸತ್ತಿದ್ದು ನಿಜ ತಾಯೀ. ಅದರ ಅಕ್ಕತಂಗೇರು ಇಲ್ಲೇ ಅವೆ, ನೋಡ್ಕಳ್ರಿ," ಎಂದು ರೊಪ್ಪಕ್ಕೆ ಕರೆದೊಯ್ದ. ಎರಡು ಕುರಿಗಳನ್ನು ಕಾಲುಗಳ ನಡುವೆ ಹಿಡಿದು ಕಿವಿ ತಿರುಗಿಸಿ ತೋರಿಸಿದ. ಒಂದರಲ್ಲಿ 416, ಇನ್ನೊಂದರಲ್ಲಿ 418. ಮುಂದೆ ಸೊನ್ನೆ ಇಲ್ಲ. ಬಿಲ್ಲೆಯೂ ಹಳದಿಯಲ್ಲ, ನೀಲಿ. ಸಂಘದವರು ಚಳ್ಳಕೆರೆ ಕಡೆಯ ಕುರಿಗಳಿಗೆ ಒಬ್ಬ ವ್ಯಾಪಾರಿಯಿಂದ, ಮೊಳಕಾಲ್ಮುರು ಕಡೆಯವಕ್ಕೆ ಇನ್ನೊಬ್ಬನಿಂದ ಬಿಲ್ಲೆ ತರಿಸಿದ್ದರು. 0417 ಒಂದು ಕುರಿ, 417 ಇನ್ನೊಂದು ಕುರಿ. ಎರಡೂ ನಿಜವಾಗಿ ಸತ್ತಿದ್ದವು.

ಮೇಡಂ ಎರಡೂ ಬಿಲ್ಲೆಗಳನ್ನು ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಅಂಗಳಕ್ಕೆ ಬಂದು ಸೊಸೆಯಂದಿರು ಕೇಳುವ ಹಾಗೆ, "ಕಳ್ಳ ಅಂದಿದ್ದು ತಪ್ಪಾತು ಕಣಜ್ಜಾ. ಆ ಮಾತು ವಾಪಸ್ ತಗೊಂಡೆ," ಎಂದರು. ಮುದುಕ, "ಪರವಾಲೇದಮ್ಮಾ," ಎಂದು ಮಜ್ಜಿಗೆ ತರಿಸಿದ. ಮೇಡಂ ಜಾತಿಗೀತಿ ನೋಡದೆ ಗಟಗಟ ಕುಡಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮುಖ ತಿರುಗಿಸದೆಯೇ ಹೇಳಿದರು.

"ತಪ್ಪು ನಂದೇ ಕಣೇ. ಕುರಿ ಟೇಬಲ್ ಮಾಡ್ದಾಗ ಬಿಲ್ಲೇನ ಅಕ್ಷರದ ಥರಾನೇ ಇಟ್ಟಿದ್ದೆ, ಟೆಕ್ಸ್ಟ್ ಅಂತ. ಸೊನ್ನೆ ಸೊನ್ನೆಯಾಗೇ ಇತ್ತು. ಟೆಕ್ಸ್ಟ್ ಆದ್ರೆ ಕಂಪ್ಯೂಟರ್ ಅಕ್ಷರಮಾಲೆ ಥರ ಜೋಡಿಸ್ತೈತೆ, ಒಂಬತ್ತಕ್ಕಿಂತ ಮುಂಚೆ ಹತ್ತು ಬರುತ್ತೆ. ಅದನ್ನ ನೋಡಿ ಆ ಮನುಷ್ಯ ಕಮಿಟಿಯವರ ಮುಂದೆ, 'ಮೇಡಮ್ಮಿಗೆ ಎಣಿಕೆ ಬರಲ್ಲ, ಒಂದನೇ ಕ್ಲಾಸಿಗೆ ಕಳಿಸ್ರಿ' ಅಂದ. ಎಲ್ಲಾ ನಕ್ರು. ನಂಗೆ ಮೈಯೆಲ್ಲಾ ಉರೀತು. ಆ ಉರೀಲೇ, ವಿಮೆ ಕೊಟ್ಟ ಕುರಿ ಟೇಬಲ್ ಮಾಡ್ದಾಗ ಬಿಲ್ಲೇನ ನಂಬರ್ ಮಾಡ್ದೆ. ಎರಡನ್ನೂ ಹೋಲಿಸಕ್ಕೆ ವ್ಯೂನಾಗೂ ಎಲ್ಲಾನೂ ನಂಬರ್‌ಗೆ ತಿರುಗಿಸ್ದೆ. ಎಣಿಕೆ ಏನೋ ಸರಿಯಾತು. ನಿಮ್ಮಪ್ಪನ ಕುರಿ ಹೋತು."

ಅವರು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಊರಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೆಂಟರಿನ ಮರ್ಯಾದೆ ಉಳಿಯುತ್ತಿತ್ತು, ನಮ್ಮಪ್ಪ ಕಳ್ಳನಾಗಿಯೇ ಇರುತ್ತಿದ್ದ. ಅಷ್ಟು ಸೇಡಿನ ಹೆಂಗಸು ತನ್ನ ವೈರಿಯ ಕೈಗೆ ತಾನೇ ಕೋಲು ಕೊಡುತ್ತಾಳೆಯೇ ಎಂದು ನನಗೆ ಅನುಮಾನವಿತ್ತು.

ಸಂಘದ ವಾರ್ಷಿಕ ಸಭೆ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಮೇಡಂ ಅಲ್ಲಿಗೆ ಕಂಪ್ಯೂಟರ್ ತರಲಿಲ್ಲ, ಎರಡು ಕುರಿ ಹೊಡೆದುಕೊಂಡು ಬಂದರು. ಒಂದು ನಮ್ಮಪ್ಪನದು, 0416. ಇನ್ನೊಂದನ್ನು ಮೊಳಕಾಲ್ಮುರಿನ ಮುದುಕ ಮಿನಿ ಲಾರಿಯಲ್ಲಿ ತಂದಿದ್ದ, 416. ಕುರಿಗಳು ಹೊಳಪಿನ ನೆಲದ ಮೇಲೆ ಜಾರುತ್ತ, ಹಿಕ್ಕೆ ಹಾಕುತ್ತ ವೇದಿಕೆಯವರೆಗೆ ಬಂದವು. ಕುರಿಗಾರರೆಲ್ಲ ಎದ್ದು ಬಂದು ಕಿವಿ ತಿರುಗಿಸಿ ನೋಡಿದರು. ಅವರಿಗೆ ಟೇಬಲ್ಲೂ ಬೇಕಿಲ್ಲ, ವ್ಯೂವೂ ಬೇಕಿಲ್ಲ. ನೋಡಿದ ಕೂಡಲೇ ಅರ್ಥವಾಯಿತು. ಯಾರೋ, "ಹಂಗಾರೆ ಕಂಪ್ಯೂಟರ್ನಾಗೆ ಇವೆರಡೂ ಒಂದೇ ಕುರಿನಾ?" ಎಂದು ಕೂಗಿದರು.

"ಹೌದು," ಎಂದರು ಮೇಡಂ. "ಹಂಗೆ ಮಾಡಿಟ್ಟೋಳು ನಾನು." ಆಮೇಲೆ ವೇದಿಕೆಯ ಮೇಲಿದ್ದ ಕಾರ್ಯದರ್ಶಿಯ ಕಡೆ ತಿರುಗಿದರು. "ತಪ್ಪು ನಂದು ಸ್ವಾಮಿ. ಕಳ್ಳ ಅಂದಿದ್ದು ನಿಮ್ದು. ನಂದನ್ನ ಹೆಂಗೆ ತಿದ್ಬೇಕು ಅಂತ ಬರ್ಕೊಂಡು ಬಂದಿದೀನಿ, ತಗಳ್ರಿ. ನಿಮ್ದನ್ನ ನೀವು ತಿದ್ಕಳ್ರಿ. ಆ ಮಾತು ವಾಪಸ್ ತಗಳ್ರಿ."

ಅವನು ಎದ್ದು ನಿಂತ. ನಾನು ಅವನ ತುಟಿಗಳನ್ನೇ ನೋಡುತ್ತಿದ್ದೆ. ಅವನು ಗುಮಾಸ್ತನ ಕಡೆ ತಿರುಗಿ, "ಕಂಪ್ಯೂಟರ್ ದೋಷ ಅಂತ ಬರ್ಕೊಳ್ರಿ. ಮುಂದಿನ ವಿಷಯ," ಎಂದು ಕೂತುಬಿಟ್ಟ. ಆಮೇಲೆ ಮೈಕಿನಲ್ಲಿ, "ನೋಡಿದ್ರಲ್ಲಾ, ಅದಕ್ಕೇ ನಾನು ಈ ಯಮ್ಮನ ಕೈಯಿಂದ ಕೆಲಸ ಕಿತ್ಕಂಡಿದ್ದು," ಎಂದು ಸೇರಿಸಿದ. ಜನ ಮತ್ತೆ ನಕ್ಕರು. ಈ ಸಲ ಮೇಡಂ ಅವರನ್ನು ನೋಡಿ.

ಅಪ್ಪನ ಕುರಿಗಳಿಗೆ ಮತ್ತೆ ಬಿಲ್ಲೆ ಸಿಕ್ಕಿತು. ಆದರೆ ದೊಡ್ಡಪ್ಪ ಮಂದೆ ಕೂಡಿಸಲಿಲ್ಲ. "ದೋಷ ಅಂದ್ರು, ಸರಿ. ಕಳ್ಳ ಅಲ್ಲ ಅಂತ ಸಾಹೇಬ್ರು ಬಾಯ್ಬಿಟ್ಟು ಹೇಳಿಲ್ವಲ್ಲ," ಎಂದು ರಾಗ ಎಳೆದ. ಇತ್ತ ತಪ್ಪು ಕಲಿಸುವ ಮೇಡಂ ಎಂದು ಸೆಂಟರಿನ ಹುಡುಗರು ಒಬ್ಬೊಬ್ಬರೇ ಬಿಟ್ಟುಹೋದರು. ಗವಸು ತೆಗೆಯದ ಮಾನಿಟರುಗಳು ಹಸಿರು ರೇಷ್ಮೆಯಲ್ಲಿ ಸಾಲಾಗಿ ಕೂತಿರುತ್ತಿದ್ದವು. ಮೇಡಂ ಮಾತ್ರ ಖಾಲಿ ಕೋಣೆಯಲ್ಲಿ ನನಗೊಬ್ಬಳಿಗೇ ಪಾಠ ಮುಂದುವರಿಸಿದರು. ಎಣಿಸಲು, ಕೂಡಲು ಬೇಕಾದ್ದಕ್ಕೆ ಮಾತ್ರ ನಂಬರ್; ಬಿಲ್ಲೆ, ಫೋನು, ಮನೆಯ ಸಂಖ್ಯೆ ಎಲ್ಲವೂ ಹೆಸರುಗಳೇ, ಅವನ್ನು ಹೆಸರಿನಂತೆಯೇ ಇಡಬೇಕು ಎಂದು ಹೇಳಿಕೊಟ್ಟದ್ದು ಆಗಲೇ.

ಅವರ ನಿಜವಾದ ಸೇಡು ಶುರುವಾದದ್ದು ಆಮೇಲೆ. ಕಾರ್ಯದರ್ಶಿ ಎಲ್ಲಿ ಕಂಡರೂ ಅವರು ಒಂದೇ ಪ್ರಶ್ನೆ ಕೇಳತೊಡಗಿದರು: "ಆ ಮಾತು ವಾಪಸ್ ತಗೊಂಡ್ರಾ?" ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನ ಕೈತೊಳೆಯುವ ಜಾಗದಲ್ಲಿ, ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ. ಬೈಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ, ನಮಸ್ಕಾರ ಮಾಡಿಯೇ ಕೇಳುತ್ತಿದ್ದರು. ಪರಶುರಾಂಪುರದಲ್ಲಿ ಒಂದು ಮದುವೆ. ಅವನು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಇವರು ತಮ್ಮ ಎಲೆ ಬಿಟ್ಟು ಎದ್ದು ಹೋಗಿ ಕೇಳಿದರು. ಅವನು ಕೈತೊಳೆದು ಎದ್ದ. ಅವನ ಮಗಳ ಆರತಕ್ಷತೆಯಲ್ಲಿ ಉಡುಗೊರೆಯ ಸಾಲಿನಲ್ಲಿ ನಿಂತು ವೇದಿಕೆ ಹತ್ತಿದರು. ಹುಡುಗಿಗೆ ಅಕ್ಷತೆ ಹಾಕಿ, ಒಳ್ಳೆಯ ಸೀರೆ ಕೊಟ್ಟು, ಪಕ್ಕದಲ್ಲಿದ್ದ ಅವಳಪ್ಪನಿಗೆ ಅದೇ ಪ್ರಶ್ನೆ ಕೇಳಿ, ಫೋಟೋಕ್ಕೆ ನಕ್ಕು ಇಳಿದರು. ಮುಂದೆ ಅವನು ಇವರನ್ನು ಕಂಡರೆ ಓಣಿ ಬದಲಾಯಿಸುವಂತಾಯಿತು. ಸಂತೆಯಲ್ಲಿ ಪಡ್ಡೆ ಹುಡುಗರು ಅವನ ಬೆನ್ನ ಹಿಂದೆ, "ವಾಪಸ್ ತಗೊಂಡ್ರಾ?" ಎಂದು ಅಣಕಿಸುತ್ತಿದ್ದರು. ಸಂಘದ ಚುನಾವಣೆಯಲ್ಲಿ ಅವನು ಸೋತ. ಆ ದಿನ ಮೇಡಂ ಹಾಲು ಹಾಕಿದ ಕಾಫಿ ಮಾಡಿಸಿ ನನಗೂ ಕೊಟ್ಟರು. ಅಷ್ಟು ರುಚಿಯಾದ ಕಾಫಿಯನ್ನು ನಾನು ಮತ್ತೆ ಕುಡಿದಿಲ್ಲ.

ಅಪ್ಪನಿಗೆ ಇದೆಲ್ಲ ಸಾಕಾಗಿತ್ತು. "ಬಿಟ್ಬಿಡ್ರಿ ಅಮ್ಮಾರೆ, ದೇವ್ರು ನೋಡ್ಕಂತಾನೆ," ಅನ್ನುತ್ತಿದ್ದ. "ದೇವ್ರಿಗೆ ಬೇರೆ ಕೆಲ್ಸ ಐತೆ. ನಂಗೆ ಇದೇ ಕೆಲ್ಸ," ಎನ್ನುತ್ತಿದ್ದರು ಮೇಡಂ.

ಅವರಿಗೆ ಕಿಡ್ನಿ ಕೈಕೊಟ್ಟಿತು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಾಗ ನಾನು ದಿನವೂ ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ನನಗೆ ಊರಲ್ಲೇ ಬೀಜದ ಕಂಪನಿಯೊಂದರಲ್ಲಿ ಅವರು ಕಲಿಸಿದ ಕೆಲಸವೇ ಸಿಕ್ಕಿತ್ತು. ವ್ಯೂನಲ್ಲಿ ಏನಾದರೂ ಕಾಣೆಯಾದರೆ ಟೇಬಲ್‌ಗೆ ಹೋಗಿ ನೋಡುತ್ತೇನೆ ಎಂದು ಹೇಳಿದರೆ ಕಣ್ಣಲ್ಲೇ ನಗುತ್ತಿದ್ದರು. ಊದಿದ ಕೈಗೆ ವಾಚು ಹಿಡಿಸುತ್ತಿರಲಿಲ್ಲ. ಅದನ್ನು ನನ್ನ ಕೈಗಿಟ್ಟು ಒಂದು ದಿನ ಹೇಳಿದರು:

"ಆ ಮನುಷ್ಯ ಇನ್ನೂ ವಾಪಸ್ ತಗೊಂಡಿಲ್ಲ. ಇನ್ಮೇಲೆ ನೀನು ಕೇಳು."

ಮೇಡಂ ಅವರನ್ನು ಮಿಲ್ಲಿನ ಆಚೆ ಅವರ ಮನೆಯವರ ಶೇಂಗಾ ಹೊಲದಲ್ಲಿ ಮಣ್ಣು ಮಾಡಿದರು. ಬಿಲ್ವಪತ್ರೆ, ವಿಭೂತಿ ಹಾಕಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ಕಂಬಳಿ ಹೊದ್ದು ಅಪ್ಪ ಬಂದಿದ್ದ. ದೊಡ್ಡಪ್ಪನೂ ಬಂದಿದ್ದ. ಮೊಳಕಾಲ್ಮುರಿನ ಮುದುಕ ಮೊಮ್ಮಗನ ಹೆಗಲು ಹಿಡಿದು ನಿಂತಿದ್ದ. ಆಗ ಬೇಲಿಯ ಆಚೆ ಕಾರು ನಿಂತಿತು. ದೊಡ್ಡದೊಂದು ಸೇವಂತಿಗೆ ಹಾರ ಹಿಡಿದು, ಕೋಲೂರಿಕೊಂಡು ಕಾರ್ಯದರ್ಶಿ ಇಳಿದ. ಇನ್ನು ಯಾರ ಕಾಟವೂ ಇಲ್ಲವೆಂಬ ನೆಮ್ಮದಿ ಅವನ ಮುಖದಲ್ಲಿ ಕಂಡಂತಾಯಿತು.

ಬೇಲಿಯ ಸಂದಿನಲ್ಲಿ ಅಡ್ಡ ನಿಂತು ನಮಸ್ಕಾರ ಮಾಡಿದೆ. "ಆ ಮಾತು ವಾಪಸ್ ತಗೊಂಡ್ರಾ?" ಎಂದು ಕೇಳಿದೆ.

"ಇದು ಅದಕ್ಕೆ ಹೊತ್ತಲ್ಲ ಕಣವ್ವಾ," ಎಂದು ಯಾರೋ ಹಿರಿಯರು ಅಂದರು. ಮೇಡಂ ಅವರ ಅಣ್ಣ ಬಂದು ನನ್ನನ್ನು ಪಕ್ಕಕ್ಕೆ ಎಳೆಯುತ್ತಾರೆ ಎಂದುಕೊಂಡೆ. ಅವರು ಬಂದು ನನ್ನ ಜೊತೆಗೇ ನಿಂತರು.

ಕಾರ್ಯದರ್ಶಿ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅಪ್ಪನ ಕಡೆ ತಿರುಗಿ ಏನೋ ಗೊಣಗಿದ.

"ಕೇಳ್ಲಿಲ್ರಿ," ಎಂದೆ. "ಜೋರಾಗಿ ಹೇಳ್ರಿ. ಅಲ್ಲಿಗಂಟ ಕೇಳ್ಬೇಕು." ಗುಂಡಿಯ ಕಡೆ ಕೈ ತೋರಿಸಿದೆ.

"ನೀನು ಕಳ್ಳ ಅಲ್ಲ ಕಣಪ್ಪಾ," ಎಂದ ಅವನು, ಈ ಸಲ ಜೋರಾಗಿ. "ಅವತ್ತು ನಾನು ಅಂದಿದ್ದು ತಪ್ಪು. ವಾಪಸ್ ತಗೊಂಡೆ."

ದೊಡ್ಡಪ್ಪ ತಲೆ ತಗ್ಗಿಸಿದ. ಬಿಟ್ಬಿಡ್ರಿ ಎಂದು ವರ್ಷಗಟ್ಟಲೆ ಹೇಳುತ್ತ ಬಂದ ನಮ್ಮಪ್ಪ ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡು, "ಇಷ್ಟು ಹೇಳಾಕೆ ಈ ಯಮ್ಮ ಸಾಯ್ಬೇಕಿತ್ತೇನ್ರಿ?" ಎಂದ.

ನಾನು ದಾರಿ ಬಿಟ್ಟೆ. ಅವನು ಹೋಗಿ ಒಂದು ಹಿಡಿ ಮಣ್ಣು ಹಾಕಿದ. ಹಾರವನ್ನು ಮಾತ್ರ ಹಾಕಗೊಡಲಿಲ್ಲ, ಕೈಯಿಂದ ಇಸಿದುಕೊಂಡೆ. ಸಂಜೆ ಅದನ್ನು ನಮ್ಮ ರೊಪ್ಪಕ್ಕೆ ಹಾಕಿದೆ, ಕುರಿಗಳು ತಿಂದವು.